ಹೆಚ್‌ಎಂ ಬದಲಾದ್ರೆ ಮೇಷ್ಟ್ರುಗಳೂ ಬದಲಾಗ್ತಾರಾ? ಓದುಗರ ಪ್ರಶ್ನೆ, ರಿಟೈರ್ಡ್ ಮೇಷ್ಟ್ರ ಉತ್ತರ

ಹೋದ ಸಂಚಿಕೇಲಿ "ಮೇಷ್ಟ್ರು ಸರಿಯಾಗಿ ಪಾಠ ಮಾಡಲ್ಲ ಅಂತ ಬೈಯೋರು ಒಂದ್ಸಲ ಹೆಚ್‌ಎಂ ರೂಮಿನ ಕಡೆನೂ ನೋಡಿ" ಅಂತ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೆ ಈ ಸಲ ಬಂದಿರೋದೆಲ್ಲ ಅದೇ ವಿಷಯದ ಪತ್ರಗಳು. ಎಲ್ರೂ ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಿಲ್ಲ, ಊರೂ ಹಾಕಿಲ್ಲ, ನಮ್ಮ ಇಲಾಖೇಲಿ ಊರು ಹೇಳಿದ್ರೆ ಹೆಸರು ಹೇಳಿದ ಹಾಗೇನೇ.

ಪ್ರಶ್ನೆ: ನಮ್ದು ಹಿರಿಯ ಪ್ರಾಥಮಿಕ ಶಾಲೆ ಸರ್, ಏಳು ಜನ ಟೀಚರ್ಸ್ ಇದೀವಿ. ಮುಂಚೆ ಇದ್ದ ಹೆಡ್ ಮಾಸ್ಟರ್ ಕಾಲದಲ್ಲಿ ಶನಿವಾರ ಬೆಲ್ ಆದ್ಮೇಲೂ ಉಳ್ಕೊಂಡು ಚಾರ್ಟು, ಕಾರ್ಡು ಅಂತ ಮಾಡ್ಕೊಂಡು ಕೂತಿರ್ತಿದ್ವಿ, ಯಾರೂ ಹೇಳ್ತಿರ್ಲಿಲ್ಲ. ಅವರಿಗೆ ವರ್ಗ ಆಯ್ತು. ಈಗ ಬಂದಿರೋರು ಒಳ್ಳೆಯವರೇ, ಬೈಯಲ್ಲ, ಸಿಎಲ್ ಕೇಳಿದ್ರೆ ಮಾತಾಡ್ದೆ ಸೈನ್ ಹಾಕ್ತಾರೆ. ಆದ್ರೂ ಈಗ ಯಾರೂ ಆ ಥರ ಕೆಲಸ ಮಾಡ್ತಿಲ್ಲ, ನಾನೂ ಸೇರಿ. ಅದೇ ಏಳು ಜನ, ಅದೇ ಮಕ್ಕಳು. ಒಬ್ಬರಿಂದ ಇಷ್ಟು ವ್ಯತ್ಯಾಸ ಆಗುತ್ತಾ?

ಉತ್ತರ: ಆಗುತ್ತೆ ಮೇಡಂ. "ನಾನೂ ಸೇರಿ" ಅಂತ ಬರೆದಿದೀರಲ್ಲ, ಅದನ್ನ ಓದಿ ಖುಷಿ ಆಯ್ತು, ಸಾಮಾನ್ಯವಾಗಿ ಇಂಥ ಪತ್ರಗಳಲ್ಲಿ ಬರೆಯೋರೊಬ್ಬರನ್ನ ಬಿಟ್ಟು ಮಿಕ್ಕವರೆಲ್ಲ ಸೋಮಾರಿಗಳಾಗಿರ್ತಾರೆ.

ಅಮೆರಿಕದ ಟೆಕ್ಸಸ್ ರಾಜ್ಯದ ಶಾಲೆಗಳ ಲೆಕ್ಕ ಇಟ್ಕೊಂಡು ಬ್ರಾಂಚ್, ಹನುಶೆಕ್, ರಿವ್ಕಿನ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು 2013ರಲ್ಲಿ ಬರೆದಿದ್ರು, ತುಂಬಾ ಒಳ್ಳೇ ಪ್ರಿನ್ಸಿಪಾಲ್ ಇರೋ ಕಡೆ ಮಕ್ಕಳು ಒಂದು ವರ್ಷದಲ್ಲಿ ಎರಡರಿಂದ ಏಳು ತಿಂಗಳಷ್ಟು ಕಲಿಕೆ ಜಾಸ್ತಿ ಪಡೀತಾರೆ, ಕೆಟ್ಟವರಿದ್ರೆ ಅಷ್ಟೇ ಹಿಂದೆ ಬೀಳ್ತಾರೆ ಅಂತ. ಪ್ರಿನ್ಸಿಪಾಲು ಅಷ್ಟೂ ಕ್ಲಾಸಿಗೆ ಹೋಗಿ ಪಾಠ ಮಾಡಲ್ಲವಲ್ಲ, ಅಂದ್ರೆ ಆ ವ್ಯತ್ಯಾಸ ಟೀಚರ್‌ಗಳ ಮೂಲಕವೇ ಆಗಿದ್ದು. ಆದ್ರೆ ಅಲ್ಲಿ ಒಂದು ಅನುಕೂಲ ಇದೆ, ಒಳ್ಳೇ ಪ್ರಿನ್ಸಿಪಾಲ್ ಇರೋ ಶಾಲೆಯಿಂದ ಕೆಲಸ ಬರದ ಟೀಚರ್‌ಗಳು ಜಾಗ ಖಾಲಿ ಮಾಡ್ತಾರೆ ಅಂತ ಅದೇ ಅಧ್ಯಯನ ಹೇಳುತ್ತೆ. ನಮ್ಮಲ್ಲಿ ಅದೆಲ್ಲಿಂದ ಬರ್ಬೇಕು? ಯಾರು ಬರ್ತಾರೆ ಯಾರು ಹೋಗ್ತಾರೆ ಅನ್ನೋದು ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ತೀರ್ಮಾನ ಆಗುತ್ತೆ. ಸಂಬಳ ಸರ್ಕಾರದ್ದು, ಇನ್ಕ್ರಿಮೆಂಟ್ ತಾನಾಗೇ ಬರುತ್ತೆ. ಸರ್ಕಾರಿ ಶಾಲೆ ಹೆಚ್‌ಎಂ ಕೈಲಿ ನಿಜವಾಗ್ಲೂ ಇರೋದು ಒಂದೇ, ಟೀಚರ್ ಟೈಮು. ಅದನ್ನ ಕಾಪಾಡೋದೂ ಅವರೇ, ಪೋಲು ಮಾಡೋದೂ ಅವರೇ.

ಬೆಳಿಗ್ಗೆ ಹತ್ತೂವರೆ ಅಂದ್ಕೊಳಿ. ಐದನೇ ಕ್ಲಾಸಲ್ಲಿ ಟೀಚರ್ರು ಭಿನ್ನರಾಶಿ ಶುರು ಮಾಡಿದ್ದಾರೆ, ಬೋರ್ಡ್ ಮೇಲೆ ರೊಟ್ಟಿ ಬರೆದು ನಾಲ್ಕು ಭಾಗ ಮಾಡಿ ಮೂರಕ್ಕೆ ಬಣ್ಣದ ಸೀಮೆಸುಣ್ಣ ಹಚ್ಚಿ ತಿರುಗಿದ್ದಾರೆ ಅಷ್ಟೆ, ಅಷ್ಟೊತ್ತಿಗೆ ಸುತ್ತಲಿನ ಶಾಲೆಗಳನ್ನ ನೋಡ್ಕೊಳೋ ಸಿಆರ್‌ಪಿ ಫೋನು, "ಹನ್ನೊಂದು ಗಂಟೆ ಒಳಗೆ ಆಧಾರ್ ಸೀಡಿಂಗ್ ಆಗದ ಮಕ್ಕಳ ಮಾಹಿತಿ ಗ್ರೂಪಿಗೆ ಹಾಕ್ಬೇಕು, ತುಂಬಾ ಅರ್ಜೆಂಟು". ಒಬ್ಬ ಹೆಚ್‌ಎಂ ತಕ್ಷಣ ಏಳನೇ ಕ್ಲಾಸಿನ ಹುಡುಗನ್ನ ಓಡಿಸ್ತಾರೆ, "ಮಿಸ್ ನಿಮ್ಮನ್ನ ಹೆಡ್ ಮಾಸ್ಟ್ರು ಕರೀತಿದ್ದಾರೆ". ಟೀಚರ್ ಹೋಗ್ತಾರೆ, ಅರ್ಧ ಗಂಟೆ ಕಂಪ್ಯೂಟರ್ ಮುಂದೆ, ಮಕ್ಕಳ ಮಾಹಿತಿ ಹಾಕೋ ಇಲಾಖೆ ವೆಬ್‌ಸೈಟು ಸ್ಯಾಟ್ಸ್ ಓಪನ್ನೇ ಆಗಲ್ಲ, ವಾಪಸ್ ಬಂದಾಗ ರೊಟ್ಟಿ ಹಾಗೇ ಇದೆ, ಮಕ್ಕಳು ಅದಕ್ಕೆ ಕಣ್ಣು ಮೂಗು ಬರೆದಿದ್ದಾರೆ. ಇನ್ನೊಬ್ಬ ಹೆಚ್‌ಎಂ "ಊಟದ ಬೆಲ್ ಆದ್ಮೇಲೆ ಕಳಿಸ್ತೀನಿ ಸರ್" ಅಂತ ಫೋನ್ ಇಟ್ಟು, ಅಡ್ಮಿಷನ್ ರಿಜಿಸ್ಟರ್ ಎಳ್ಕೊಂಡು ತಾವೇ ಕೂತ್ಕೋತಾರೆ, ಒಂದು ಮಾತು ಬೈಸ್ಕೊಳೋದಿದ್ರೆ ಬೈಸ್ಕೋತಾರೆ. ಈ ಎರಡನೇ ಥರದವರು ಭಾಷಣ ಮಾಡ್ಬೇಕಾಗಿಲ್ಲ, ನನ್ನ ಪಾಠಕ್ಕೆ ಬೆಲೆ ಇದೆ ಅಂತ ಟೀಚರಿಗೆ ಗೊತ್ತಾಗ್ಬಿಡುತ್ತೆ. ಮೊದಲನೇ ಥರದವರ ಹತ್ರ ವರ್ಷಗಟ್ಟಲೆ ಇದ್ರೆ ಟೀಚರೂ ತಾನೇ "ಹೇಗಿದ್ರೂ ಕರೀತಾರೆ, ಇವತ್ತು ಹೊಸ ಪಾಠ ಶುರು ಮಾಡೋದು ಬೇಡ" ಅನ್ನೋ ಲೆಕ್ಕಕ್ಕೆ ಬರ್ತಾರೆ. ಹೊರಗಿನಿಂದ ನೋಡೋರಿಗೆ ಅದು ಸೋಮಾರಿತನ ಅಂತ ಕಾಣುತ್ತೆ.

ಹಳೇ ಹೆಚ್‌ಎಂ ಏನು ಮಾಡ್ತಿದ್ರು ಅಂತ ನೀವು ಬರೆದಿಲ್ಲ, ನನ್ನ ಊಹೆ ಇದೇ ಜಾತಿಯದ್ದೇನೋ ಮಾಡ್ತಿದ್ರು, ಶನಿವಾರ ಅವರೂ ಕತ್ತರಿ ಹಿಡ್ಕೊಂಡು ಕೂರ್ತಿದ್ರು. ಹೊಸಬರು ಒಳ್ಳೆಯವರು ಅಂತೀರಿ. ಒಳ್ಳೆಯತನ ಅಂದ್ರೆ ಬೈಯ್ದೇ ಇರೋದು, ಸಿಎಲ್ ಕೊಡೋದು ಅಂತಾಗ್ಬಿಟ್ರೆ ಕಷ್ಟ, ಏನೂ ಕೇಳದ ಮನುಷ್ಯ ಏನನ್ನೂ ನೋಡ್ತಿಲ್ಲ ಅಂತಲೂ ಇರ್ಬಹುದು. ಚೆನ್ನಾಗಿ ಮಾಡಿದ ಪಾಠ, ಕೆಟ್ಟದಾಗಿ ಮಾಡಿದ ಪಾಠ ಎರಡೂ ಒಂದೇ ಅನ್ನೋ ಕಡೆ ಮನುಷ್ಯ ಎಷ್ಟು ದಿನ ಒಬ್ಬನೇ ಉರೀತಾನೆ ಹೇಳಿ. ಮೊದಲು ಏಳು ಜನ ಸೇರಿ ಅವರ ಹತ್ರ ಹೋಗಿ, ಊಟದ ಬೆಲ್ ತನಕ ಯಾರನ್ನೂ ಕ್ಲಾಸಿಂದ ಕರೀಬೇಡಿ ಸರ್, ಮಾಹಿತಿ ಎಲ್ಲ ಮಧ್ಯಾಹ್ನ ಸರದಿ ಪ್ರಕಾರ ನಾವೇ ಮಾಡ್ಕೊಡ್ತೀವಿ ಅಂತ ಕೇಳಿ. ಒಳ್ಳೆಯವರಾದ್ರಿಂದ ಇಲ್ಲ ಅನ್ನಲ್ಲ.

ಪ್ರಶ್ನೆ: ನಮ್ಮ ಶಾಲೇಲಿ ಹೆಚ್‌ಎಂ ಹುದ್ದೆ ಖಾಲಿ ಇದೆ. ಯಾರೂ ಚಾರ್ಜ್ ತಗೊಳೋಕೆ ಒಪ್ಪದೆ ಕೊನೆಗೆ ನನ್ನ ಕೊರಳಿಗೆ ಬಿತ್ತು. ನನಗಿಂತ 15 ವರ್ಷ ಸೀನಿಯರ್ಸ್ ಇದ್ದಾರೆ. ಕ್ಲಾಸ್ ನೋಡೋಕೆ ಹೋದ್ರೆ "ನಿನ್ನೆ ಮೊನ್ನೆ ಬಂದೋನು ನಮ್ಗೆ ಪಾಠ ಹೇಳ್ತಾನಾ" ಅಂತಾರೆ. ಹೇಗೆ ನಿಭಾಯಿಸೋದು?

ಉತ್ತರ: ಕೊರಳಿಗೆ ಬಿತ್ತು ಅಂದ್ರಿ, ಸರಿಯಾದ ಮಾತು. ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಐದನೇ ಕ್ಲಾಸ್ ತನಕ 150ಕ್ಕಿಂತ ಜಾಸ್ತಿ ಮಕ್ಕಳಿದ್ರೆ ಮುಖ್ಯ ಶಿಕ್ಷಕರ ಹುದ್ದೆ ಇರ್ಬೇಕು, ಆರರಿಂದ ಎಂಟಕ್ಕೆ 100 ದಾಟಿದ್ರೆ ಪೂರ್ಣಾವಧಿಯವರೇ ಬೇಕು. ಅದಕ್ಕಿಂತ ಚಿಕ್ಕ ಶಾಲೆಗಳಲ್ಲಿ ಪಾಠ ಮಾಡೋರೇ ಮೊಟ್ಟೆ ಲೆಕ್ಕನೂ ಬರೀಬೇಕು, ಗ್ಯಾಸ್ ಸಿಲಿಂಡರೂ ತರಿಸ್ಬೇಕು, ನಾಯಕತ್ವನೂ ಕೊಡ್ಬೇಕು.

ನಾನು ಹೆಚ್‌ಎಂ ಆದ ಮೊದಲನೇ ವರ್ಷ ಮಾಡಿದ ತಪ್ಪು ಹೇಳ್ತೀನಿ, ನೀವು ಮಾಡ್ಬೇಡಿ. ಒಂಬತ್ತನೇ ಕ್ಲಾಸು, ವಿಜ್ಞಾನದ ಮೇಡಂ ಪಾಠ ಮಾಡ್ತಿದ್ರು, ನಾನು ಲಾಸ್ಟ್ ಬೆಂಚಲ್ಲಿ ಪಾಠ ನೋಡಿ ಬರೆಯೋ ಲಾಗ್ ಬುಕ್ ಇಟ್ಕೊಂಡು ಕೂತಿದ್ದೆ. ಅವರು ಬೋರ್ಡ್ ಮೇಲೆ ತೂಕ 50 ಕೆಜಿ ಅಂತ ಬರೆದ್ರು. ನಾನು ಎದ್ದು ನಿಂತು "ಮೇಡಂ ಅದು ತೂಕ ಅಲ್ಲ ದ್ರವ್ಯರಾಶಿ, ತೂಕ ನ್ಯೂಟನ್‌ನಲ್ಲಿ ಬರುತ್ತೆ" ಅಂದೆ, 40 ಮಕ್ಕಳ ಮುಂದೆ. ನಾನು ಹೇಳಿದ್ದು ಸರಿನೇ. ಮೇಡಂ ಡಸ್ಟರ್ ತಗೊಂಡು ಒರೆಸಿದ್ರು, ಮಾತಾಡ್ಲಿಲ್ಲ. ಅವತ್ತಿಂದ ನಾನು ಕಾರಿಡಾರಲ್ಲಿ ಬಂದ್ರೆ ಆ ಕ್ಲಾಸಿನ ದನಿ ಸಣ್ಣದಾಗ್ತಿತ್ತು, ನೋಟ್ಸ್ ಬರೆಸೋಕೆ ಶುರು ಮಾಡ್ಬಿಡ್ತಿದ್ರು, ಯಾಕಂದ್ರೆ ನೋಟ್ಸಲ್ಲಿ ತಪ್ಪು ಸಿಗಲ್ಲ. ಒಂದು ವರ್ಷ ಹಾಗೇ ಹೋಯ್ತು, ಒಳ್ಳೇ ಟೀಚರ್ ಒಬ್ಬರನ್ನ ನಾನೇ ಡಿಕ್ಟೇಷನ್ ಟೀಚರ್ ಮಾಡಿಟ್ಟೆ.

ಆಮೇಲೆ ಬುದ್ಧಿ ಬಂತು. ಒಂದಿನ ಅವರ ಹತ್ರ ಹೋಗಿ, "ಮೇಡಂ ನನ್ನ ಹತ್ತನೇ ಕ್ಲಾಸಿನ ಗಣಿತದ ಪೀರಿಯಡ್ಡಿಗೆ ಬಂದು ಕೂತ್ಕೊಳಿ, ಯಾಕೋ ಹಿಂದಿನ ಹುಡುಗ್ರು ನನಗೆ ಸಿಗ್ತಾನೇ ಇಲ್ಲ" ಅಂದೆ. ಮೊದಲು ನಂಬಲಿಲ್ಲ, ಆಮೇಲೆ ಬಂದ್ರು. ಕ್ಲಾಸ್ ಮುಗಿದ ಮೇಲೆ ಒಂದು ಹಾಳೆ ಕೊಟ್ರು, ಬೆಂಚುಗಳ ನಕ್ಷೆ ಬರೆದು ನಾನು ಯಾರ್ಯಾರಿಗೆ ಪ್ರಶ್ನೆ ಕೇಳಿದೆ ಅಂತ ಪೆನ್ಸಿಲಲ್ಲಿ ಗೀಟು ಹಾಕಿದ್ರು. 14 ಪ್ರಶ್ನೆ ಕೇಳಿದ್ದೆ, ಅದ್ರಲ್ಲಿ 11 ಅದೇ ಐದು ಮಕ್ಕಳಿಗೆ. ಹುಡುಗೀರ ಸಾಲಿನ ಕೊನೇ ಮೂರು ಬೆಂಚಿಗೆ ಒಂದೂ ಇಲ್ಲ. ಅಷ್ಟು ವರ್ಷ ಪಾಠ ಮಾಡಿದ್ದೆ ನಾನು, ಯಾರೂ ಹೇಳಿರ್ಲಿಲ್ಲ, ನನಗೂ ಕಂಡಿರ್ಲಿಲ್ಲ. ಆ ಹಾಳೆ ಸ್ಟಾಫ್ ರೂಮಿನ ನೋಟಿಸ್ ಬೋರ್ಡಿಗೆ ನಾನೇ ಪಿನ್ ಹೊಡೆದೆ. ಮುಂದಿನ ವಾರ ಸಮಾಜ ವಿಜ್ಞಾನದ ಮೇಷ್ಟ್ರು "ಸರ್ ನಂದೂ ಒಂದು ಮಾಡಿಕೊಡಿ" ಅಂತ ಬಂದ್ರು, ಅವರು ನನಗಿಂತ ಸೀನಿಯರ್.

ಇದು ಬರೀ ನನ್ನ ಅನುಭವ ಅಂತ ಅಲ್ಲ. ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಅನ್ನೋರು ಜೊತೆಯವರ ಜೊತೆ ಸೇರಿ ಅಲ್ಲಿವರೆಗೂ ಆಗಿದ್ದ ಅಧ್ಯಯನಗಳನ್ನ ಒಟ್ಟುಗೂಡಿಸಿ 2008ರಲ್ಲಿ ಲೆಕ್ಕ ಹಾಕಿದ್ರು, ಮುಖ್ಯಸ್ಥರು ಮಾಡೋ ಕೆಲಸಗಳಲ್ಲಿ ಮಕ್ಕಳ ಕಲಿಕೆಗೆ ಯಾವುದು ಜಾಸ್ತಿ ತಟ್ಟುತ್ತೆ ಅಂತ. ಎಲ್ಲಕ್ಕಿಂತ ಮೇಲೆ ಬಂದಿದ್ದು, ಟೀಚರ್‌ಗಳ ಕಲಿಕೆಗೆ ಏರ್ಪಾಡು ಮಾಡಿ ಅದ್ರಲ್ಲಿ ತಾನೂ ಕೂತು ಕಲಿಯೋದು. ತರಬೇತಿಗೆ ಎಲ್ಲರನ್ನೂ ಕಳಿಸಿ ತಾನು ಆಫೀಸಲ್ಲಿ ಉಳಿಯೋದಲ್ಲ. ಹಾಗಾಗಿ ಸೀನಿಯರ್ಸ್ ಕ್ಲಾಸಿಗೆ ಈಗ್ಲೇ ಹೋಗ್ಬೇಡಿ, ಅವರನ್ನ ನಿಮ್ಮ ಕ್ಲಾಸಿಗೆ ಕರೀರಿ, "ಅಣ್ಣ, ಸ್ವಲ್ಪ ನೋಡಿ ಹೇಳಿ" ಅಂತ. ನಾಟಕ ಮಾಡ್ಬೇಡಿ, ನಿಜವಾಗ್ಲೂ ನಿಮಗೆ ಬರದ ಪಾಠಕ್ಕೆ ಕರೀರಿ. ಮೂರು ತಿಂಗಳಾದ್ಮೇಲೆ ಲಾಗ್ ಬುಕ್ ತಗೊಳಿ, ಆಗ್ಲೂ ಮಕ್ಕಳ ಮುಂದೆ ಬಾಯಿ ಬಿಡ್ಬೇಡಿ.

ಪ್ರಶ್ನೆ: ನಾನು ಪ್ರೌಢಶಾಲೆ ಹೆಚ್‌ಎಂ. ಶಾಲಾಭಿವೃದ್ಧಿ ಯೋಜನೆ, ಸ್ವಯಂ ಮೌಲ್ಯಮಾಪನ, ಟೀಚರ್ ಡೈರಿ, ಪಾಠ ಟಿಪ್ಪಣಿ ಎಲ್ಲಾ ಅಪ್‌ಡೇಟ್ ಇದೆ, ಬಂದ ಅಧಿಕಾರಿಗಳೆಲ್ಲ ಗುಡ್ ಅಂತ ಬರೆದು ಹೋಗಿದ್ದಾರೆ. ಆದ್ರೆ ಪಾಠದಲ್ಲಿ ಸುಧಾರಣೆ ಕಾಣ್ತಿಲ್ಲ. ಬೇರೆ ಯಾವ್ದಾದ್ರೂ ಫಾರ್ಮ್ಯಾಟ್ ಇದ್ರೆ ತಿಳಿಸಿ.

ಉತ್ತರ: ಸಾರ್, ಇರೋ ಫಾರ್ಮ್ಯಾಟಲ್ಲೇ ಎರಡು ಕಡಿಮೆ ಮಾಡಿ ಅಂತ ನಾನು ಹೇಳೋದು. ಮಧ್ಯಪ್ರದೇಶದಲ್ಲಿ ಶಾಲಾ ನಿರ್ವಹಣೆ ಸುಧಾರಿಸೋಕೆ ಒಂದು ದೊಡ್ಡ ಕಾರ್ಯಕ್ರಮ ಮಾಡಿದ್ರು, ಶಾಲೆಗೆ ಮೌಲ್ಯಮಾಪನ, ರೇಟಿಂಗು, ಆಮೇಲೆ ಸುಧಾರಣಾ ಯೋಜನೆ, ಹೇಳ್ಕೊಳೋಕೆ ಎಲ್ಲಾ ಅಚ್ಚುಕಟ್ಟು. ಕಾರ್ತಿಕ್ ಮುರಳೀಧರನ್ ಮತ್ತು ಅಭಿಜೀತ್ ಸಿಂಗ್ ಅನ್ನೋ ಅರ್ಥಶಾಸ್ತ್ರಜ್ಞರು 1,700ಕ್ಕೂ ಹೆಚ್ಚು ಶಾಲೆಗಳಲ್ಲಿ ಅದನ್ನ ಪರೀಕ್ಷೆ ಮಾಡಿ 2020ರಲ್ಲಿ ಪ್ರಕಟಿಸಿದ್ರು. ಮೌಲ್ಯಮಾಪನ ಆಗಿತ್ತು, ಯೋಜನೆ ಬರೆದಿದ್ರು, ಫೈಲು ತುಂಬಿತ್ತು, ಪಾಠ ಮಾಡೋ ರೀತಿ ಬದಲಾಗಿರ್ಲಿಲ್ಲ, ಮಕ್ಕಳ ಕಲಿಕೆನೂ ಬದಲಾಗಿರ್ಲಿಲ್ಲ. ಮಜಾ ಅಂದ್ರೆ ಕಾಗದದ ಮೇಲೆ ಯಶಸ್ವಿ ಅಂತ ಕಂಡಿದ್ರಿಂದ ಅದೇ ಮಾದರಿ ಇನ್ನೂ ಲಕ್ಷಾಂತರ ಶಾಲೆಗೆ ಹರಡ್ತು.

ಟೀಚರ್ ತುಂಬಾ ಚೆನ್ನಾಗಿ ಓದ್ತಾರೆ ಸಾರ್, ಪುಸ್ತಕ ಅಲ್ಲ, ಹೆಚ್‌ಎಂನ. ಇವರು ಏನು ಕೇಳ್ತಾರೆ ಅಂತ ಒಂದೇ ವಾರದಲ್ಲಿ ತಿಳ್ಕೊಂಡ್ಬಿಡ್ತಾರೆ. ನೀವು ಪಾಠ ಟಿಪ್ಪಣಿ ಕೇಳ್ತೀರಿ ಅದಕ್ಕೇ ಪಾಠ ಟಿಪ್ಪಣಿ ಬರ್ತಿದೆ, ಹೋದ ವರ್ಷದ್ದನ್ನೇ ನೋಡಿ ಕಾಪಿ ಮಾಡಿರ್ತಾರೆ, ಬೇಕಾದ್ರೆ ಎರಡೂ ಪಕ್ಕ ಪಕ್ಕ ಇಟ್ಟು ನೋಡಿ. ನಾಳೆಯಿಂದ ಟಿಪ್ಪಣಿ ಬದಲು ಪ್ರತಿ ಕ್ಲಾಸಿಂದ ಮೂರು ಮಕ್ಕಳ ನೋಟ್‌ಬುಕ್ ತರ್ಸಿ, ಒಬ್ಬ ಚೆನ್ನಾಗಿ ಓದೋನು, ಒಬ್ಬ ನಡುವಿನೋನು, ಒಬ್ಬ ಹಿಂದಿನೋನು. ಅದನ್ನ ಮೇಷ್ಟ್ರ ಜೊತೆ ಕೂತು ಹತ್ತು ನಿಮಿಷ ನೋಡಿ. ಸಹಿ ಹಾಕ್ಬೇಡಿ, ರಿಮಾರ್ಕ್ ಬರೀಬೇಡಿ. ಈ ಹುಡುಗ ಇಲ್ಲಿ ಯಾಕೆ ನಿಂತಿದಾನೆ ಅಂತ ಕೇಳಿ ಸಾಕು.

ಫಲಿತಾಂಶ ಕಡಿಮೆ ಆಯ್ತು ಅಂತ ನೋಟಿಸ್ ಬಂದಿದೆ ಅಂತಲೂ ಪತ್ರದ ಕೊನೇಲಿ ಸಣ್ಣದಾಗಿ ಬರೆದಿದೀರಿ. ಬೇಜಾರು ಮಾಡ್ಕೋಬೇಡಿ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ ವರ್ಷ ಇಡೀ ರಾಜ್ಯದ ಫಲಿತಾಂಶ 83.89 ಪರ್ಸೆಂಟಿಂದ 73.40ಕ್ಕೆ ಬಿತ್ತು, ಅದೂ ಗ್ರೇಸ್ ಮಾರ್ಕ್ಸ್ ಜಾಸ್ತಿ ಕೊಟ್ಟ ಮೇಲೆ. ಒಂದೇ ವರ್ಷದಲ್ಲಿ ರಾಜ್ಯದ ಮೇಷ್ಟ್ರುಗಳೆಲ್ಲ ಪಾಠ ಮರೆತುಬಿಟ್ರಾ?

ಪ್ರಶ್ನೆ: ನಾನು ಪ್ರೈವೇಟ್ ಸ್ಕೂಲ್ ಟೀಚರ್. ಪ್ರಿನ್ಸಿಪಾಲ್ ಮೇಡಂ ಚೇಂಬರಲ್ಲಿ ಎಲ್ಲಾ ಕ್ಲಾಸಿನ ಸಿಸಿಟಿವಿ ಇದೆ. ಕುರ್ಚೀಲಿ ಕೂತ್ರೆ ಸಾಕು, ಗ್ರೂಪಲ್ಲಿ ಮೆಸೇಜ್ ಬರುತ್ತೆ, ಎಲ್ಲರಿಗೂ ಕಾಣೋ ಹಾಗೆ. ರಾತ್ರಿ ಹತ್ತು ಗಂಟೆಗೂ ಬರುತ್ತೆ. ಇದ್ರಿಂದ ಪರ್ಫಾರ್ಮೆನ್ಸ್ ಇಂಪ್ರೂವ್ ಆಗುತ್ತೆ ಅಂತಾರೆ. ಹೌದಾ?

ಉತ್ತರ: ನಿಂತ್ಕೊಳೋ ಪರ್ಫಾರ್ಮೆನ್ಸ್ ಖಂಡಿತ ಇಂಪ್ರೂವ್ ಆಗುತ್ತಮ್ಮ.

ಕ್ಯಾಮೆರಾಕ್ಕೆ ಕಾಣೋದು ಟೀಚರ್ ಕೂತಿದ್ದಾಳಾ, ಮಕ್ಕಳು ಗಲಾಟೆ ಮಾಡ್ತಿದ್ದಾರಾ ಅಷ್ಟೆ. ಆದ್ರೆ ಒಳ್ಳೇ ಗುಂಪು ಚಟುವಟಿಕೆ ನಡೀತಿದ್ರೆ ಕ್ಲಾಸು ಗಲಾಟೆಯಾಗೇ ಇರುತ್ತೆ, ಟೀಚರು ಯಾವ್ದೋ ಬೆಂಚಿನ ಹತ್ರ ನೆಲದ ಮೇಲೆ ಕೂತಿರ್ತಾರೆ, ಕ್ಯಾಮೆರಾದಲ್ಲಿ ನಾಪತ್ತೆ. ಹಾಗಾಗಿ ಕ್ಯಾಮೆರಾಕ್ಕೆ ಹೆದರೋ ಟೀಚರ್ ಗುಂಪು ಚಟುವಟಿಕೆ ಬಿಟ್ಟು ಸುಮ್ನೆ ಬೋರ್ಡ್ ಮುಂದೆ ನಿಂತು ಬರೆಸ್ತಾಳೆ. ನಾನು ಎದ್ದು ನಿಂತು ನ್ಯೂಟನ್ ಅಂದಿದ್ದೂ ಇದೇ ಕೆಲಸ ಮಾಡ್ತು, ನನಗೆ ಕ್ಯಾಮೆರಾನೂ ಬೇಕಾಗಿರ್ಲಿಲ್ಲ. ಇನ್ನೊಂದು, ಆರ್‌ಟಿಇ ಕಾಯ್ದೆ ಅನುಸೂಚೀಲಿ ಟೀಚರಿಗೆ ವಾರಕ್ಕೆ 45 ಗಂಟೆ ಅಂತ ಬರೆದಿದೆ, ಅದ್ರಲ್ಲಿ ಪಾಠದ ತಯಾರಿ ಸಮಯನೂ ಸೇರಿದೆ. ತಯಾರಿನೂ ಕೆಲಸವೇ ಅಂತ ಕಾನೂನೇ ಒಪ್ಕೊಂಡಿದೆ ಅನ್ನೋದು ನಿಮ್ಮ ಮೇಡಂಗೆ ಗೊತ್ತಿರ್ಲಿ. ಆದ್ರೆ ನೀವೊಬ್ಬರೇ ಹೋಗಿ ಕಾನೂನು ಮಾತಾಡ್ಬೇಡಿ, ಖಾಸಗಿ ಶಾಲೆ ನೌಕರಿ, ನಾಲ್ಕು ಜನ ಸೇರಿ ಹೋಗಿ "ಮೇಡಂ ಗ್ರೂಪಲ್ಲಿ ಹಾಕ್ಬೇಡಿ, ಏನಿದ್ರೂ ಕರ್ದು ಹೇಳಿ" ಅಂತಷ್ಟೇ ಕೇಳಿ. ಆ ಒಂದು ಬದಲಾದ್ರೂ ಉಸಿರಾಡಬಹುದು.

ಪ್ರಶ್ನೆ: ನಾನು ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಕಮಿಟಿ ಮೆಂಬರು, ಓದಿರೋದು ಏಳನೇ ಕ್ಲಾಸು. ನಮ್ಮ ಸ್ಕೂಲಿನ ಹೆಡ್ ಮಾಸ್ಟ್ರು ಯಾವಾಗ ಕೇಳಿದ್ರೂ ಮೀಟಿಂಗು ಅಂತಾರೆ. ಅವರಿಲ್ಲದ ದಿನ ಟೀಚರ್‌ಗಳೂ ಲೇಟು. ಹುಡುಗ್ರು ಮೊಬೈಲಲ್ಲಿ ವಿಡಿಯೋ ಮಾಡಿ ಹಾಕಣ ಅಂತಿದ್ದಾರೆ. ಮಾಡ್ಬೋದಾ?

ಉತ್ತರ: ವಿಡಿಯೋ ಬೇಡ ಯಜಮಾನ್ರೇ. ಅದು ಊರಿಗೂ ಸ್ಕೂಲಿಗೂ ಜಗಳ ಹಚ್ಚುತ್ತೆ ಅಷ್ಟೆ, ಆ ಟೀಚರ್ ವರ್ಗ ತಗೊಂಡು ಹೋದ್ರೆ ಆ ಜಾಗ ಖಾಲಿ ಬೀಳುತ್ತೆ, ನಿಮ್ಮ ಮಕ್ಕಳಿಗೇ ನಷ್ಟ.

ಹೆಡ್ಡಿಲ್ಲದಿದ್ರೆ ಉಳಿದೋರು ಸಡಿಲ ಆಗೋದು ಹೊಸದೇನಲ್ಲ. 2003ರಲ್ಲಿ ದೇಶದ ಉದ್ದಕ್ಕೂ ಹೇಳ್ದೆ ಕೇಳ್ದೆ ಸರ್ಕಾರಿ ಶಾಲೆಗಳಿಗೆ ಹೋಗಿ ಎಣಿಸಿದಾಗ ನಾಲ್ಕರಲ್ಲಿ ಒಬ್ಬ ಟೀಚರ್ ಶಾಲೇಲಿ ಇರ್ಲಿಲ್ಲ, ಅದ್ರಲ್ಲೂ ಹೆಡ್ ಮಾಸ್ಟ್ರುಗಳು ಮಿಕ್ಕವರಿಗಿಂತ ಜಾಸ್ತಿನೇ ಗೈರು. ಆದ್ರೆ ಪಾಪ ಎಲ್ರೂ ಕಳ್ಳ ಬೀಳೋರಲ್ಲ. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು, ಟ್ರೆಷರಿ, ಬ್ಯಾಂಕು, ತರಬೇತಿ ಅಂತ ನಿಜವಾಗ್ಲೂ ಕರೀತಾರೆ. ಆರ್‌ಟಿಇ 27ನೇ ಸೆಕ್ಷನ್ನಲ್ಲಿ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಪಾಠಕ್ಕೆ ಸಂಬಂಧ ಇಲ್ಲದ ಬೇರೆ ಕೆಲಸಕ್ಕೆ ಟೀಚರನ್ನ ಕಳಿಸಬಾರದು ಅಂತಿದೆ. ನೀವು ಹೋಗಿ ಚಲನವಲನ ರಿಜಿಸ್ಟರ್ ತೋರ್ಸಿ ಅಂತ ಕೇಳಿ, ಎಲ್ಲಿಗೆ ಯಾಕೆ ಹೋದ್ರು ಅಂತ ಬರೆದಿರ್ಬೇಕು. ಏಳನೇ ಕ್ಲಾಸ್ ಓದಿದೀನಿ ಅಂತ ಹಿಂಜರಿಬೇಡಿ, ಕಮಿಟೀಲಿ ಮುಕ್ಕಾಲು ಭಾಗ ಪೋಷಕರೇ ಇರ್ಬೇಕು ಅಂತ ಕಾಯ್ದೆ ಹೇಳಿರೋದು ಸುಮ್ನೆ ಅಲ್ಲ. ನಿಜವಾಗ್ಲೂ ಮೀಟಿಂಗೇ ಜಾಸ್ತಿ ಅಂತ ಕಂಡ್ರೆ ಕಮಿಟಿಯಿಂದ ಬಿಇಓಗೆ ಒಂದು ಅರ್ಜಿ ಕೊಡಿ, ನಮ್ಮ ಹೆಡ್ ಮಾಸ್ಟ್ರನ್ನ ಬೆಳಗಿನ ಹೊತ್ತು ಬಿಟ್ಟುಕೊಡಿ ಅಂತ. ಆ ಅರ್ಜಿ ನೋಡಿ ಖುಷಿ ಪಡೋ ಮೊದಲನೆಯವರು ನಿಮ್ಮ ಹೆಡ್ ಮಾಸ್ಟ್ರೇ ಆಗಿರ್ತಾರೆ. ಖುಷಿ ಪಡ್ಲಿಲ್ಲ ಅಂದ್ರೆ ವಿಷಯ ಏನು ಅಂತ ನಿಮಗೇ ಗೊತ್ತಾಯ್ತು.

ಪ್ರಶ್ನೆ: ನಾನು ಎಂಎಡ್ ವಿದ್ಯಾರ್ಥಿನಿ. ಪ್ರಾಂಶುಪಾಲರ ನಾಯಕತ್ವ ಶೈಲಿ ಮತ್ತು ಶಿಕ್ಷಕರ ಕಾರ್ಯಕ್ಷಮತೆ ಅಂತ ಪ್ರಬಂಧ ಮಾಡ್ತಿದೀನಿ. 100 ಟೀಚರ್ಸಿಗೆ ಪ್ರಶ್ನಾವಳಿ ಕೊಡ್ತೀನಿ. ಪ್ರಜಾಸತ್ತಾತ್ಮಕ ಶೈಲಿನೇ ಬೆಸ್ಟ್ ಅಂತ ಬರುತ್ತೆ ಅಲ್ವಾ ಸರ್?

ಉತ್ತರ: ಬರುತ್ತೆ, ಯಾಕಂದ್ರೆ ಆ ಪ್ರಶ್ನಾವಳಿ ಟೀಚರ್ ಕೈಗೆ ಸಿಗೋದು ಹೆಚ್‌ಎಂ ಮೂಲಕ, ಸಂಜೆ ಒಟ್ಟು ಮಾಡಿ ಕೊಡೋದೂ ಹೆಚ್‌ಎಂ. "ನಮ್ಮ ಮುಖ್ಯಸ್ಥರು ಎಲ್ಲರ ಅಭಿಪ್ರಾಯ ಕೇಳುತ್ತಾರೆ" ಅನ್ನೋದಕ್ಕೆ ಸಂಪೂರ್ಣ ಒಪ್ಪುತ್ತೇನೆ ಅಂತ ಟಿಕ್ ಹಾಕದೆ ಇನ್ನೇನು ಮಾಡ್ತಾರೆ? ನಾನೇ ನಮ್ಮ ಸ್ಟಾಫಿನ ಫಾರಂ ಒಟ್ಟು ಮಾಡಿ ಕೊಟ್ಟಿದೀನಿ, ಕೊಡೋ ಮುಂಚೆ ಒಂದ್ಸಲ ತಿರುಗಿಸಿ ನೋಡಿದೀನಿ, ಸುಳ್ಳು ಹೇಳಲ್ಲ.

ಶೈಲಿ ಬಿಟ್ಟು ಕೆಲಸ ಎಣಿಸಮ್ಮ. ನಾಲ್ಕೇ ಶಾಲೆ ತಗೋ, ವಾರ ವಾರ ಅಲ್ಲೇ ಕೂತು ಹೆಚ್‌ಎಂ ಆ ವಾರ ಎಷ್ಟು ಪೀರಿಯಡ್ ಪಾಠ ಮಾಡಿದ್ರು, ಟೀಚರನ್ನ ಎಷ್ಟು ಸಲ ಕ್ಲಾಸಿಂದ ಎಬ್ಬಿಸಿದ್ರು, ಟೀಚರ್ ಜೊತೆ ಪಾಠದ ಬಗ್ಗೆ ಎಷ್ಟು ನಿಮಿಷ ಮಾತಾಡಿದ್ರು, ಬರೆದಿಡು. ಗೈಡು ಒಪ್ಪಲಿಲ್ಲ ಅಂದ್ರೆ ಪ್ರಶ್ನಾವಳಿ ಅವರಿಗೆ, ಇದು ನಿನಗೆ.

ಪ್ರಶ್ನೆ: ನಮ್ಮ ಹೆಚ್‌ಎಂ ಈ ತಿಂಗಳ ಕೊನೆಗೆ ರಿಟೈರ್ ಆಗ್ತಿದ್ದಾರೆ, ತುಂಬಾ ಒಳ್ಳೆಯವರು. ಸ್ಟಾಫ್ ಸೇರಿ ಏನು ಕೊಡೋದು ಅಂತ ತಲೆ ಕೆಡಿಸ್ಕೊಂಡಿದೀವಿ.

ಉತ್ತರ: ಕೊನೇ ದಿನ ಅವರಿಗೆ ಒಂದು ಪೀರಿಯಡ್ ಬಿಟ್ಟುಕೊಡಿ, ಅವರಿಗೆ ಇಷ್ಟವಾದ ಕ್ಲಾಸು, ಇಷ್ಟವಾದ ಪಾಠ, ಮಧ್ಯದಲ್ಲಿ ಯಾರೂ ಹಾರ ತುರಾಯಿ ಅಂತ ನುಗ್ಗಬೇಡಿ. ಬೇಕಿದ್ರೆ ನೀವೂ ಹೋಗಿ ಹಿಂದಿನ ಬೆಂಚಲ್ಲಿ ಕೂತ್ಕೊಳಿ. ಶಾಲು, ಹಣ್ಣಿನ ಬುಟ್ಟಿ ಏನಾದ್ರೂ ಕೊಡಿ. ಗೋಡೆ ಗಡಿಯಾರ ಮಾತ್ರ ಬೇಡ. ನನ್ನ ಹತ್ರ ಆರು ಇದಾವೆ, ಎರಡು ನಡೀತವೆ, ಆ ಎರಡರಲ್ಲೂ ಟೈಮು ಬೇರೆ ಬೇರೆ.